ಕರಗಿದ ಪುಡಿ

ಕೊಳವೆಯ ಮುಚ್ಚಳ ತೆಗೆದು ತಲೆಕೆಳಗು ಮಾಡಿ ತಟ್ಟಿದರೂ ಪುಡಿ ಉದುರಲಿಲ್ಲ. ಕೊನೆಯ ಅಳತೆ ಮುಗಿದಿತ್ತು, ತೊಳೆದಿಟ್ಟರೆ ಆಯಿತು. ಬೆಂಕಿಕಡ್ಡಿಗಿಂತ ತೆಳ್ಳಗಿನ ಆ ಕೊಳವೆಯೊಳಕ್ಕೆ ಸಂಶೋಧಕಿ ಸೂಜಿ ಹಾಕಿ ಕೆದಕಿದಳು. ಗಾಜಿನಂಥ ಗಟ್ಟಿ ತುಣುಕೊಂದು ಹೊರಬಂತು. ಪುಡಿ ಪುಡಿಯಾಗಿಯೇ ಇರಬೇಕಿತ್ತು.

ಪುಡಿಯೊಳಗಿನ ಹೈಡ್ರೋಜನ್‌ಗಳದ್ದು ಸಂತೆ ಗದ್ದಲ. ಒಂದರ ಸದ್ದು ಇನ್ನೊಂದರ ಮೇಲೆ ಬಿದ್ದು, ಆ ಸದ್ದು ಹಿಡಿಯುವ ಎನ್‌ಎಂಆರ್ ಯಂತ್ರದ ಪರದೆಯಲ್ಲಿ ಒಂದೇ ದಪ್ಪ ಗುಡ್ಡ ಕಾಣುತ್ತದೆ. ಪುಡಿಯನ್ನು ಓರೆಯಾಗಿಟ್ಟು ಸೆಕೆಂಡಿಗೆ ಲಕ್ಷ ಸುತ್ತು ತಿರುಗಿಸಿದರೆ ಗುಡ್ಡ ಅಷ್ಟಿಷ್ಟು ಒಡೆದು ಗೆರೆಗಳಾಗುತ್ತದೆ. ಅವಳ ಗೆರೆಗಳೋ, ಕೂದಲೆಳೆಯಷ್ಟು ಸಣ್ಣ! ಅಷ್ಟು ಚೆನ್ನಾಗಿ ಯಾರಿಗೂ ಬಂದಿರಲಿಲ್ಲ. ಪ್ರಬಂಧ ಬರೆದಾಗಿತ್ತು, ಸೋಮವಾರ ಸಲ್ಲಿಸುವುದು, ಮರುದಿನವೇ ಅಕ್ಕನ ಮನೆಯಿಂದ ಮಗಳನ್ನು ಕರೆತರುವುದು. ಎರಡು ವರ್ಷದಿಂದ ಮಗು ಅಲ್ಲೇ ಬೆಳೆಯುತ್ತಿತ್ತು.

"ತಂಪುಗಾಳಿ ಎಷ್ಟಿಟ್ಟಿದ್ರಿ?" ಯಂತ್ರ ನೋಡಿಕೊಳ್ಳುವ ಹಿರಿಯ ತಂತ್ರಜ್ಞರು ಹಿಂದಿನಿಂದ ಕೇಳಿದರು. ಇಡೀ ವಿಭಾಗಕ್ಕೆ ಅವರು ಗಾಳಿಯಣ್ಣ.

"ಕಮ್ಮಿ ಮಾಡಿದ್ದೆ ಅಣ್ಣಾ. ಜಾಸ್ತಿ ಬಿಟ್ರೆ ವೇಗ ಒಂದೇ ಸಮ ಇರ್ತಿರಲಿಲ್ಲ."

"ಅಲ್ಲಿಗೆ ಸರಿಹೋಯ್ತು. ತಿರುಗಿದ ಬಿಸಿಗೆ ಪುಡಿ ಕರಗಿಹೋಗಿದೆ, ನಿಂತ ಮೇಲೆ ಆರಿ ಗಟ್ಟಿಯಾಗಿದೆ. ಕರಗಿದ್ದರ ಗೆರೆ ಹೇಗೂ ಸಣ್ಣಗೇ ಬರುತ್ತಲ್ಲಮ್ಮ, ಅದರಲ್ಲಿ ನಮ್ಮದೇನು ದೊಡ್ಡಸ್ತಿಕೆ?"

ಅವಳು ಇನ್ನೊಂದು ಕೊಳವೆಗೆ ಹೊಸ ಪುಡಿ ತುಂಬಿ, ತಂಪುಗಾಳಿ ಪೂರ್ತಿ ಬಿಟ್ಟು ಅಳೆದಳು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಅಷ್ಟಿಷ್ಟೇ ಒಡೆದ ಅದೇ ಹಳೆಯ ಗುಡ್ಡ ಬಂದು ಕೂತಿತ್ತು.

"ನಾನಂತೂ ಏನೂ ನೋಡಿಲ್ಲ," ಎಂದರು ಗಾಳಿಯಣ್ಣ ತಗ್ಗಿದ ದನಿಯಲ್ಲಿ. "ತೊಳೆದುಬಿಟ್ರೆ ಯಾರಿಗೂ ಗೊತ್ತಾಗಲ್ಲ. ಮಗು ಮುಖ ನೋಡಿ ಹೇಳ್ತಿದ್ದೀನಿ."

ಆಸೆಯಾಯಿತು, ಸುಳ್ಳೇಕೆ. ತೊಟ್ಟಿಯವರೆಗೂ ಹೋದಳು, ನಲ್ಲಿಯನ್ನೂ ತಿರುಗಿಸಿದಳು. ಆಮೇಲೆ ನಲ್ಲಿ ನಿಲ್ಲಿಸಿ, ತುಣುಕನ್ನು ಕಾಗದದಲ್ಲಿ ಮಡಚಿಕೊಂಡು ತನ್ನ ಮಾರ್ಗದರ್ಶಕ ಮೇಷ್ಟ್ರ ಕೋಣೆಗೆ ನಡೆದಳು.

ಮೇಷ್ಟ್ರು ತುಣುಕನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. "ಮೊದಲಿಂದ ಶುರು ಮಾಡೋಣ. ಇನ್ನೊಂದು ವರ್ಷ ಬೇಕಾಗುತ್ತೆ," ಎಂದಷ್ಟೇ ಹೇಳಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿದಳು. "ಅಕ್ಕಾ, ಈಗ ಕರ್ಕೊಂಡು ಬರಕ್ಕಾಗಲ್ಲ ಕಣೇ. ಇನ್ನೊಂದು ವರ್ಷ..."

"ಅಯ್ಯೋ, ಅದಕ್ಯಾಕೆ ಅಳ್ತೀಯೇ? ನನಗೇನು ಭಾರವಾ ಅವಳು?" ಅಕ್ಕನ ದನಿಯಲ್ಲಿ ಬೇಸರವಿರಲಿಲ್ಲ, ನೆಮ್ಮದಿಯಿತ್ತು. ಅದರ ಬೆನ್ನಿಗೇ ಮಗಳು ಅಕ್ಕನನ್ನು ಕೇಳುವುದು ಕೇಳಿಸಿತು: "ಅಮ್ಮಾ, ಫೋನಲ್ಲಿ ಯಾರು?"

ದೊಡ್ಡಮ್ಮ ಎನ್ನಲಿಲ್ಲ ಮಗು. ಅಕ್ಕ ಏನು ಹೇಳುತ್ತಾಳೋ ಎಂದು ಅವಳು ಫೋನನ್ನು ಕಿವಿಗೊತ್ತಿಕೊಂಡು ಕಾದಳು.