ಯಾರ ಜೊತೆ ನಕ್ಕಿದ್ದು

ಹೆಡ್‌ಫೋನಿನೊಳಗೆ ಹೆಂಡತಿ ನಕ್ಕಳು.

ನಕ್ಕಿದ್ದು ಒಂದೆರಡು ಸೆಕೆಂಡು ಅಷ್ಟೇ. ಆದರೂ ಬಿರುಕು ಮೇಷ್ಟ್ರಿಗೆ ಗುರುತು ಹತ್ತಲು ಅಷ್ಟೇ ಸಾಕಾಯಿತು. ನಗು ಮುಗಿಯುವ ಹೊತ್ತಿಗೆ ಉಸಿರನ್ನು ಒಳಗೆಳೆದುಕೊಂಡು, ಬಿಕ್ಕಳಿಕೆಯ ಹಾಗೆ ಒಂದು ಸಣ್ಣ ಸದ್ದು ಮಾಡುವ ಹೆಂಗಸು ಇನ್ನೊಬ್ಬಳಿರಲಾರಳು. ಅದರ ಜೊತೆಗೇ ಒಬ್ಬ ಗಂಡಸಿನ ನಗು. ನಗುವೇನು ಬಂತು, ಕೆನೆತ! ಹೋಹ್ಹೋಹ್ಹೋ ಎಂದು ಏರುತ್ತ ಹೋಗಿ, ಕೊನೆಗೆ ಮೂಗಿನಲ್ಲಿ ಗೊರ್ ಎಂದು ಸಿಕ್ಕಿಹಾಕಿಕೊಳ್ಳುವಂಥದ್ದು. ಮಾನ ಮರ್ಯಾದೆ ಇರುವವನು ಪರರ ಹೆಂಡತಿಯ ಎದುರು ಹಾಗೆ ನಗುತ್ತಾನೆಯೇ? ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು.

ಕಾಂಕ್ರೀಟು ಯಾಕೆ ಬಿರಿಯುತ್ತದೆ ಎಂಬುದು ಅವರ ಸಂಶೋಧನೆ. ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ತೊಲೆಗಳ ಮೇಲೆ ಭಾರ ಹೇರಿಟ್ಟು, ಭೂತಗನ್ನಡಿ ಹಿಡಿದು ವರ್ಷಗಟ್ಟಲೆ ಕಾಯುವುದು ಕೆಲಸ. ಹಾಗಾಗಿ ಇಡೀ ವಿಶ್ವವಿದ್ಯಾಲಯಕ್ಕೆ ಅವರು ಬಿರುಕು ಮೇಷ್ಟ್ರು. ಆ ಆವರಣದಲ್ಲಿ ಪ್ರಶ್ನೆಗಳಿಗೇನು ಬರವೇ? ಮೇಲಿನ ಮಹಡಿಯಲ್ಲಿ ಒಬ್ಬರು ಮೀನಿಗೆ ಕನಸು ಬೀಳುತ್ತದೆಯೇ ಎಂದು ನೋಡುತ್ತಿದ್ದರು. ಪಕ್ಕದ ಕಟ್ಟಡದಲ್ಲಿ ಇನ್ನೊಬ್ಬರು, ಈಗ ಯಾರೂ ಆಡದ ಭಾಷೆಯೊಂದರ ಬೈಗುಳಗಳನ್ನು ಹುಡುಕಿ ಹುಡುಕಿ ಸಂತೋಷಪಡುತ್ತಿದ್ದರು. ಗಣಿತದವರೊಬ್ಬರು ಗಂಟು ಬಿಚ್ಚುವುದರಲ್ಲೇ ತಲೆ ಹಣ್ಣು ಮಾಡಿಕೊಂಡಿದ್ದರು, ಅದೂ ಕಾಗದದ ಮೇಲಿನ ಗಂಟು. ಮೇಷ್ಟ್ರ ಹೆಂಡತಿ ಇರುವೆ ಮೇಡಂ. ದಾರಿ ತಪ್ಪಿದ ಇರುವೆ ಮೊದಲು ಯಾವ ಕಡೆ ತಿರುಗುತ್ತದೆ ಎಂಬುದು ಅವಳ ಪ್ರಶ್ನೆ. ಇವುಗಳಲ್ಲಿ ಯಾವುದರ ಮೇಲೂ ಮೇಷ್ಟ್ರಿಗೆ ಹೊಟ್ಟೆಕಿಚ್ಚಿರಲಿಲ್ಲ. ಮನಶ್ಶಾಸ್ತ್ರ ವಿಭಾಗಕ್ಕೆ ನಗುವಿನ ಡಾಕ್ಟರು ಬಂದರು ನೋಡಿ, ಆಗ ಶುರುವಾಯಿತು.

ಇಬ್ಬರು ಒಟ್ಟಿಗೆ ನಗುವುದನ್ನಷ್ಟೇ ಕೇಳಿಸಿದರೆ, ಮಾತು ಒಂದೂ ಕೇಳಿಸದಿದ್ದರೆ, ಅವರು ಆಪ್ತರೋ ಅಪರಿಚಿತರೋ ಎಂದು ಹೇಳಬಹುದೇ? ಇದು ಆತನ ಪ್ರಶ್ನೆ.

"ಎಂಥಾ ಪ್ರಶ್ನೆ ರೀ! ನಮಗ್ಯಾಕೆ ಇಂಥದ್ದು ಹೊಳೀಲಿಲ್ಲ ಅನ್ಸುತ್ತೆ," ಎಂದಿದ್ದಳು ಹೆಂಡತಿ, ಊಟಕ್ಕೆ ಕೂತಾಗ.

"ಯಾಕೆ, ನಂದೂ ಪ್ರಶ್ನೆನೇ."

"ಅಯ್ಯೋ, ನಿಮ್ಮದು ಬೇಕೇ ಬೇಕು ಬಿಡಿ. ಸೇತುವೆ ಬೀಳಬಾರದಲ್ಲ."

ಬೇಕು ಎಂದಳೇ ಹೊರತು ಚೆನ್ನಾಗಿದೆ ಎನ್ನಲಿಲ್ಲ. ಆಮೇಲೆ ಅವಳು ಮಧ್ಯಾಹ್ನದ ಚಹಾಕ್ಕೂ ಡಾಕ್ಟರ ವಿಭಾಗಕ್ಕೇ ಹೋಗತೊಡಗಿದಳು. ನೆಲಮಾಳಿಗೆಯ ಕಿಟಕಿಯಿಂದ ಕಾಣುವುದು ಬರೀ ಕಾಲುಗಳು. ಅವಳ ಚಪ್ಪಲಿಗಳು ಮನಶ್ಶಾಸ್ತ್ರದ ಕಡೆ ಹೊರಟರೆ ಸಾಕು, ಮೇಷ್ಟ್ರ ಕೈಯ ಭೂತಗನ್ನಡಿ ಅಲ್ಲೇ ನಿಂತುಬಿಡುತ್ತಿತ್ತು. ನಗು ಕೇಳಿ ಹೇಳಲು ಜನ ಬೇಕಾಗಿದ್ದಾರೆ ಎಂದು ಗೋಡೆಯ ಮೇಲೆ ಚೀಟಿ ಅಂಟಿಸಿದ ದಿನವೇ ಅವರು ಹೆಸರು ಕೊಟ್ಟು ಬಂದರು. ಆ ಆಸಾಮಿಯ ಬಂಡವಾಳ ಏನೆಂದು ಹತ್ತಿರದಿಂದ ನೋಡಿಬಿಡುವುದು ಎಂದು.

"ಗೊತ್ತಿರೋ ದನಿ ಬಂದ್ರೆ ಹೇಳ್ಬಿಡಿ ಸಾರ್, ಅದನ್ನ ಬಿಟ್ಟುಬಿಡ್ತೀವಿ," ಎಂದಿದ್ದರು ಡಾಕ್ಟರು, ಹೆಡ್‌ಫೋನು ಕೊಡುವಾಗ.

ಈಗ ಗೊತ್ತಿರುವ ದನಿಯೇ ಬಂದಿದೆ. ಮೇಷ್ಟ್ರು ತುಟಿ ಬಿಚ್ಚಲಿಲ್ಲ. ಪರದೆಯ ಮೇಲೆ ಎರಡು ಗುಂಡಿ: ಆಪ್ತರು, ಅಪರಿಚಿತರು. ಅವಳು ಆಪ್ತಳ ಹಾಗೇ ನಗುತ್ತಿದ್ದಳು, ಅದು ಕಿವುಡನಿಗೂ ತಿಳಿಯುತ್ತಿತ್ತು. ಮೇಷ್ಟ್ರು 'ಅಪರಿಚಿತರು' ಎಂಬುದನ್ನು ಒತ್ತಿದರು. ಎಷ್ಟು ಖಚಿತ ಎಂದು ಕೇಳಿತು ಯಂತ್ರ. ಪೂರ್ತಿ ಖಚಿತ ಎಂದು ಅದನ್ನೂ ಒತ್ತಿದರು.

ಎಲ್ಲ ಮುಗಿದ ಮೇಲೆ ಡಾಕ್ಟರು ಪರದೆ ನೋಡಿ ತಲೆ ಕೆರೆದುಕೊಂಡರು. ತೆಳ್ಳಗಿನ, ಪಾಪದ ಮನುಷ್ಯ. ನಗುವಿನ ಮೇಲೆ ಡಾಕ್ಟರೇಟು ಮಾಡಿದವನ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

"ಒಂದು ಕಡೆ ಮಾತ್ರ ಉಲ್ಟಾ ಹೊಡೆದಿದೀರಿ ಸಾರ್. ಆ ಮೂಗಲ್ಲಿ ಗೊರ್ ಅನ್ನೋ ನಗು ಇತ್ತಲ್ಲ, ಅದನ್ನ ಯಾರು ಕೇಳಿದ್ರೂ ಆಪ್ತರು ಅಂತಾರೆ. ನಮ್ಮ ಭಾಷೆ ಬರದೋರೂ ಅಂತಾರೆ. ಸಣ್ಣ ಮಕ್ಕಳೂ ಅಂತಾರೆ. ಅಪರಿಚಿತರು ಅಂದಿದ್ದು ನೀವೊಬ್ರೇ."

"ಯಾರದು, ಆ ಗಂಡಸು?"

"ಹೆಸರು ನಮಗೂ ಗೊತ್ತಿಲ್ಲ ಸಾರ್. ಹಿಂದೆ ಇದ್ದ ಪ್ರೊಫೆಸರು ಯಾವಾಗಲೋ ರೆಕಾರ್ಡ್ ಮಾಡಿಟ್ಟಿದ್ದು. ಹಳೇದು."

ಹಳೆಯದು! ಈ ಬಡಪಾಯಿಯನ್ನು ಅನುಮಾನಿಸಿಕೊಂಡು ಕೂತಿದ್ದರೆ, ಇವನಿಗಿಂತ ಮುಂಚೆಯೇ ಇನ್ನೊಬ್ಬ ಬಂದು ಹೋಗಿದ್ದಾನೆ. ಭಾಷೆ ಬರದವರಿಗೂ ಎಳೆ ಮಕ್ಕಳಿಗೂ ತಿಳಿದದ್ದು ಗಂಡನೆನಿಸಿಕೊಂಡವನಿಗೆ ಇಷ್ಟು ದಿನ ತಿಳಿಯದೆ ಹೋಯಿತಲ್ಲ! ಮನೆಯ ತನಕ ಮೇಷ್ಟ್ರು ಅವನನ್ನು ಮನಸಾರೆ ಬೈದುಕೊಂಡೇ ನಡೆದರು. ತನ್ನೆದುರು ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತು ಎಂದು ಯೋಚಿಸಿದರು. ನೆನಪಿಗೇ ಬರಲಿಲ್ಲ, ಅದಕ್ಕೆ ಇನ್ನಷ್ಟು ಸಂಕಟವಾಯಿತು.

ಹೆಂಡತಿ ಅಡುಗೆಮನೆಯ ಮೇಜಿನ ಮುಂದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಯಾರವನು?" ಎಂದರು ಮೇಷ್ಟ್ರು, ಚೀಲವನ್ನೂ ಕೆಳಗಿಡದೆ.

"ಯಾರು ರೀ?"

"ನಾಟಕ ಬೇಡ. ಇವತ್ತು ಕಿವಿಯಾರೆ ಕೇಳಿ ಬಂದಿದೀನಿ. ಆ ನಗುವಿನ ಡಾಕ್ಟರ ಹತ್ರ ರೆಕಾರ್ಡಿದೆ. ಯಾವನ ಜೊತೆ ಕೂತು ಹಾಗೆ ನಕ್ಕಿದ್ದೆ ನೀನು?"

"ನಾನಾ? ನನಗೇನೂ ಅರ್ಥ ಆಗ್ತಿಲ್ಲ. ಹೇಗೆ ನಗ್ತಾನೆ ಅವನು?"

"ಹೇಗೆ ಅಂದ್ರೆ? ಕತ್ತೆ ಹಾಗೆ!" ಮೇಷ್ಟ್ರು ಚೀಲ ಬಿಸಾಡಿ, ತಲೆ ಹಿಂದಕ್ಕೆಸೆದು ಅಣಕಿಸಿದರು. "ಹೋಹ್ಹೋಹ್ಹೋಹ್ಹೋ... ಗೊರ್!"

ಅಣಕವೆಂದು ಹೊರಟದ್ದು ಗಂಟಲಿನಿಂದ ಸಲೀಸಾಗಿ ಬಂದುಬಿಟ್ಟಿತು. ಹೆಂಡತಿಯ ಕೈ ಹುರುಳಿಕಾಯಿಯ ಮೇಲೆಯೇ ನಿಂತಿತು. ಅವಳು ಗಂಡನ ಮುಖ ನೋಡಿದಳು.

"ರೀ, ಅದು ನೀವು," ಎಂದಳು.

"ಏನು?"

"ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನಶ್ಶಾಸ್ತ್ರದವರು ಕರೆದಿದ್ರಲ್ಲ ನಮ್ಮಿಬ್ಬರನ್ನೂ? ಮೈಕ್ ಇಟ್ಟು, ಏನಾದ್ರೂ ಮಾತಾಡ್ತಿರಿ ಅಂತ ಹೇಳಿ ಆಗಿದ್ದ ಪ್ರೊಫೆಸರು ಆಚೆ ಹೋದ್ರು. ಬಾಗಿಲು ಹಾಕಿದ ತಕ್ಷಣ ನೀವು ಅವರ ಬೋಳುತಲೆ ಮೇಲಿನ ಟೋಪನ್ ಬಗ್ಗೆ ಏನೋ ಅಂದ್ರಿ. ನಂಗೆ ಹೊಟ್ಟೆ ಹುಣ್ಣಾಗೋ ಹಾಗೆ ನಗು. ನಿಮಗೂ."

"ಇಲ್ಲ. ನನ್ನ ನಗು ಹಾಗಿಲ್ಲ."

"ಹಾಗಿತ್ತು."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಟೋಪನ್ನು ನೆನಪಾಯಿತು. ತಾನು ಅಂದದ್ದೇನೆಂದು ಎಷ್ಟು ತಡಕಿದರೂ ಸಿಗಲಿಲ್ಲ. ಅವಳನ್ನು ಹಾಗೆ ನಗಿಸಿದವನ ಮೇಲಿನ ಹೊಟ್ಟೆಕಿಚ್ಚು ಆರಬೇಕಿತ್ತು, ಆರಲಿಲ್ಲ. ದಾರಿಯುದ್ದಕ್ಕೂ ಇದ್ದದ್ದಕ್ಕಿಂತ ಜಾಸ್ತಿಯೇ ಆಗಿತ್ತು.

"ಅದು ಬಂದಾಗ ನೀವೇನು ಒತ್ತಿದ್ರಿ?" ಎಂದು ಕೇಳಿದಳು ಹೆಂಡತಿ.

ಸುಳ್ಳು ಹೇಳಬಹುದಿತ್ತು.

"ಅಪರಿಚಿತರು," ಎಂದರು.

ಅವಳು ಸಿಟ್ಟಾಗಲಿಲ್ಲ. ತಲೆ ತಗ್ಗಿಸಿ ಒಂದು ಕಾಯಿಯ ನಾರು ತೆಗೆದಳು, ಇನ್ನೊಂದರದ್ದೂ ತೆಗೆದಳು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಮಾಡಿ ನೋಡೋಣ," ಎಂದಳು.

ಮೇಷ್ಟ್ರು ತಲೆ ಹಿಂದಕ್ಕೆ ಹಾಕಿ ಬಾಯಿ ತೆರೆದರು. ಬರೀ ಗಾಳಿ ಬಂತು. ಕೆಮ್ಮಿ ಗಂಟಲು ಸರಿಮಾಡಿಕೊಂಡು ಮತ್ತೆ ತೆರೆದರು. ಎದುರಿಗೆ ಹೆಂಡತಿ, ಕೈಯಲ್ಲಿ ಮುರಿಯದ ಹುರುಳಿಕಾಯಿಯೊಂದನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ ಕಾಯುತ್ತಿದ್ದಳು.