ಗಾಳಿ ನೋಡಿ ಕಡಲಿಗಿಳಿದ ಜಲಜಾ

ದೆಹಲಿಯಲ್ಲಿ ನಾಲಿಗೆಗೆ ಒಗ್ಗುವ ಕಡಲ ಮೀನು ಸಿಗುವುದು ಕಷ್ಟ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರಿಗೆಲ್ಲ ಇದು ಗೊತ್ತು. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿರುವ ಜಲಜಾ ಭಾನುವಾರ ಮಾರ್ಕೆಟ್ಟಿಗೆ ಹೋದರೆ ಒಂದೊಂದೇ ಮೀನಿನ ಕಿವಿರು ಎತ್ತಿ ನೋಡುತ್ತಾಳೆ.

“ನಿನ್ನೆಯಷ್ಟೇ ಬಂದದ್ದು ಮೇಡಂ, ಏಕ್‌ದಮ್ ತಾಜಾ,” ಎನ್ನುತ್ತಾನೆ ಅಂಗಡಿಯವನು.

“ತಾಜಾ ಅಂದ್ರೆ ಏನು ಅಂತ ನಿಂಗೆ ಗೊತ್ತಿಲ್ಲ ಭಯ್ಯಾ,” ಎನ್ನುತ್ತಾಳೆ ಜಲಜಾ. ಆದರೂ ಕೊಂಡು ತರುತ್ತಾಳೆ.

ಅವಳ ತವರು ಹೊನ್ನಾವರದ ಹತ್ತಿರ, ಕಡಲ ದಂಡೆಯಲ್ಲೇ. ಅಪ್ಪ ಮೀನುಗಾರ. ಅಣ್ಣ ಶಂಕರನೂ ಮೀನುಗಾರ. ಚಿಕ್ಕವಳಿದ್ದಾಗ ದೋಣಿ ಬರುವ ಹೊತ್ತಿಗೆ ಅವಳು ಅಮ್ಮನ ಜೊತೆ ಬುಟ್ಟಿ ಹಿಡಿದು ನಿಂತಿರುತ್ತಿದ್ದಳು. ಎಷ್ಟು ಸಲ ಕೇಳಿದರೂ ಅಪ್ಪ ಅವಳನ್ನು ದೋಣಿಗೆ ಹತ್ತಿಸಿಕೊಳ್ಳಲಿಲ್ಲ. ಹೆಣ್ಣುಮಕ್ಕಳು ದಡದಲ್ಲಿರಬೇಕು ಎನ್ನುವುದು ಅವನ ಮಾತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಪರೀಕ್ಷೆ ಬರೆದು, ಕೆಲಸ ಹಿಡಿದು ಜಲಜಾ ದೆಹಲಿಗೆ ಬಂದಳು. ಈಗ ಅವಳಿಗೆ ನಲವತ್ತೇಳು. ಕಡಲ ಪಕ್ಕ ಹುಟ್ಟಿಯೂ ಹೋದ ವರ್ಷದವರೆಗೂ ಕಡಲಿನ ಮೇಲೆ ಒಂದು ಗಳಿಗೆ ಇದ್ದವಳಲ್ಲ. ಸಂಜೆ ಆಫೀಸಿನಿಂದ ಬಂದು ಬಾಲ್ಕನಿಯಲ್ಲಿ ನಿಂತರೆ, ಪಡುವಣ ಗಾಳಿ ಬರಬೇಕಾದ ಹೊತ್ತು ಎಂದು ಮೈಗೆ ಅನ್ನಿಸುತ್ತದೆ. ಬರುವುದು ರಿಂಗ್ ರೋಡಿನ ಹೊಗೆ.

ಹೋದ ವರ್ಷ ಮಾರ್ಚಿನಲ್ಲಿ ಶಂಕರ ಒಂದು ವಿಡಿಯೊ ಕಳಿಸಿದ. ಊರಿನ ಹೋಂಸ್ಟೇಯವರು ಎರಡು ಕಯಾಕ್ ತರಿಸಿದ್ದರು. ಒಬ್ಬರು ಕೂರುವಷ್ಟು ಸಣ್ಣ ಪ್ಲಾಸ್ಟಿಕ್ ದೋಣಿ. ಒಳಗೆ ಕಾಲು ತೂರಿಸಬೇಕಿಲ್ಲ, ಮೇಲೆಯೇ ಕೂತು ಹುಟ್ಟು ಹಾಕಬೇಕು. ವಿಡಿಯೊದಲ್ಲಿ ಜಲಜಾಳಷ್ಟೇ ವಯಸ್ಸಿನ ಹೆಂಗಸೊಬ್ಬಳು ಅದರ ಮೇಲೆ ಕೂತು ಗಾಳ ಹಾಕುತ್ತಿದ್ದಳು.

“ಡಿಸೆಂಬರಿಗೆ ಬಾ. ನಿಂಗೂ ಒಂದು ಕೇಳಿ ಇಡ್ತೆ,” ಎಂದು ಶಂಕರ ಹೇಳಿದ್ದ.

ಮೆಟ್ರೊದಲ್ಲಿ, ಊಟದ ಬಿಡುವಿನಲ್ಲಿ, ಅಡುಗೆಮನೆಯಲ್ಲಿ ಅವಳು ಅದನ್ನೇ ನೋಡಿದಳು. ಕೊನೆಗೆ ಗಂಡ ಈಶ್ವರಪ್ಪನಿಗೆ ಹೇಳಿದಳು. ಅವನು ದಾವಣಗೆರೆ ಕಡೆಯವನು, ಕೆರೆಯ ನೀರಿಗೂ ಹೆದರುವವನು.

“ನಿನಗೆ ಈಜು ಬರುತ್ತಾ?”

“ಇಲ್ಲ. ಆದ್ರೆ ನಾನು ಮೀನುಗಾರರ ಮನೆಯವಳು.”

“ಅದು ನೀರಿಗೆ ಗೊತ್ತಾಗುತ್ತಾ? ಬೇಡ ಜಲಜಾ. ಏನಾದ್ರೂ ಆದ್ರೆ ನಾನೇನು ಮಾಡ್ಲಿ?”

ಮಗಳು ಲಾವಣ್ಯಾ ತಲೆಯೆತ್ತಿದಳು. “ಪಪ್ಪಾ, ಜಾನೇ ದೋ ನಾ, ಹೋಗ್ಲಿ ಬಿಡು. ಮಮ್ಮಿ ಯಾವತ್ತಾದ್ರೂ ಏನಾದ್ರೂ ಕೇಳಿದ್ದಾಳಾ?”

ಈಶ್ವರಪ್ಪ ಎದ್ದು ಒಳಗೆ ಹೋದ.

ಜಲಜಾ ಮಯೂರ್ ವಿಹಾರ್‌ನ ಚೋಂದಮ್ಮನ ಹತ್ತಿರ ಹೋದಳು. ಕನ್ನಡ ಮಹಿಳಾ ಸಂಘದ ಗೆಳತಿ, ಕೊಡಗಿನವಳು. ಗಂಡ ನೌಕಾಪಡೆಯಲ್ಲಿದ್ದಾಗ ಆರು ವರ್ಷ ಕಾರವಾರದಲ್ಲಿದ್ದು, ಕಯಾಕ್‌ನಲ್ಲಿ ಮೀನು ಹಿಡಿಯುವುದನ್ನು ಅಲ್ಲೇ ಕಲಿತಿದ್ದಳು. ಈಗ ಹೆಂಗಸರಿಗೆ ಈಜು ಹೇಳಿಕೊಡುತ್ತಾಳೆ. ಅವಳು ಈಶ್ವರಪ್ಪನಿಗೆ ಬುದ್ಧಿ ಹೇಳುತ್ತಾಳೆ ಎಂದು ಜಲಜಾ ನಂಬಿದ್ದಳು.

“ಈಶ್ವರಪ್ಪ ಹೇಳಿದ್ದೇ ಸರಿ,” ಎಂದಳು ಚೋಂದಮ್ಮ. “ಈಗ ಹೋಗಬೇಡ. ಕಲಿತು ಹೋಗು.”

ಜಲಜಾಳಿಗೆ ಸಿಟ್ಟು ಬಂತು. “ಬೆಟ್ಟದವಳು ನೀನು, ನಂಗೆ ಕಡಲು ಹೇಳಿಕೊಡ್ತೀಯಾ?”

“ನಿನ್ನ ಅಪ್ಪನಿಗೆ ಕಡಲು ಗೊತ್ತಿತ್ತು. ನೀನು ನೋಡಿದ್ದು ದಡ,” ಎಂದಳು ಚೋಂದಮ್ಮ ಮೆಲ್ಲಗೆ. “ಶನಿವಾರ ಪೂಲಿಗೆ ಬಾ.”

ಆ ಮಾತು ಚುಚ್ಚಿತು. ನಿಜವಾದ್ದರಿಂದಲೇ ಚುಚ್ಚಿತು. ಏಪ್ರಿಲ್‌ನಲ್ಲಿ ಪೂಲ್ ತೆರೆದ ಮೊದಲ ಶನಿವಾರ ಜಲಜಾ ಹೋದಳು. ಈಶ್ವರಪ್ಪನೂ ಬಂದು ಬೆಂಚಿನ ಮೇಲೆ ಪೇಪರ್ ಬಿಡಿಸಿಕೊಂಡು ಕೂತ.

ಲೈಫ್ ಜಾಕೆಟ್ ಕೊಟ್ಟಾಗ ಜಲಜಾ ಅದನ್ನು ಸಡಿಲವಾಗಿ ಹಾಕಿಕೊಂಡಳು, ಉಸಿರು ಕಟ್ಟುತ್ತದೆ ಎಂದು. ಚೋಂದಮ್ಮ ಅದನ್ನು ನೋಡಿದಳು. ಅವಳನ್ನು ಹಳೆಯ ಕಯಾಕ್ ಮೇಲೆ ಕೂರಿಸಿ, ಎದೆಮಟ್ಟದ ನೀರಿಗೆ ತಳ್ಳಿ, ಹೇಳಿಯೇ ಮಗುಚಿದಳು. ಜಾಕೆಟ್ ಮೇಲೇರಿ ಜಲಜಾಳ ಕಿವಿ, ಬಾಯಿ ಎಲ್ಲ ಮುಚ್ಚಿತು. ಕಾಲಿಗೆ ನೆಲ ಸಿಗುವಲ್ಲೇ ಅವಳು ನೆಲ ಮರೆತು ಒದ್ದಾಡಿದಳು. ಚೋಂದಮ್ಮ ಅವಳನ್ನು ಎತ್ತಿ ನಿಲ್ಲಿಸಿದಳು.

“ಇದು ಎದೆಮಟ್ಟದ ನೀರು,” ಎಂದಳು ಚೋಂದಮ್ಮ. “ಜಾಕೆಟ್ ಹಾಕಿಕೊಂಡ ಮೇಲೆ ಯಾರಾದ್ರೂ ಹೆಗಲ ಹತ್ತಿರ ಹಿಡಿದು ಎಳೆದ್ರೆ ಅದು ಮೇಲೆ ಬರಬಾರದು. ಅಷ್ಟು ಬಿಗಿ ಇರಬೇಕು. ಇನ್ನೊಂದು ಸಲ ಮಾಡೋಣ.”

ಬೆಂಚಿನ ಮೇಲೆ ಪೇಪರ್ ಕೆಳಗೆ ಬಿದ್ದಿತ್ತು. ಈಶ್ವರಪ್ಪ ಎದ್ದು ನಿಂತಿದ್ದ.

ಮನೆಗೆ ಹೋಗುವಾಗ ಅವನು, “ಸಾಕಲ್ವಾ?” ಎಂದು ಕೇಳಿದ.

“ಇಲ್ಲ,” ಎಂದಳು ಜಲಜಾ.

ಮಗುಚಿದ ಕಯಾಕನ್ನು ತಿರುಗಿಸಿ ಮತ್ತೆ ಹತ್ತಬೇಕು. ಆಚೆ ಬದಿಯನ್ನು ಕೈಚಾಚಿ ಹಿಡಿದು, ಕಾಲು ಬಡಿದು, ಹೊಟ್ಟೆಯನ್ನು ದೋಣಿಯ ಮೇಲೆ ಎಳೆದುಕೊಂಡು, ಆಮೇಲೆ ಹೊರಳಿ ಕೂರಬೇಕು. ಇದನ್ನು ಕಲಿಯಲು ಅವಳಿಗೆ ಜುಲೈವರೆಗೂ ಹಿಡಿಯಿತು. ಸೆಪ್ಟೆಂಬರಿಗೆ ಈಜೂ ಬಂತು. ದೋಣಿಯಲ್ಲಿರುವ ಸಣ್ಣ ತೂತುಗಳಿಂದ ನೀರು ತಾನೇ ಹರಿದುಹೋಗುತ್ತದೆ ಎಂದೂ, ಸೀಳು ಬಿದ್ದಿದ್ದರೆ ಮಾತ್ರ ನೀರು ದೋಣಿಯ ಟೊಳ್ಳಿನೊಳಗೆ ತುಂಬುವುದರಿಂದ ಹೊರಡುವ ಮುಂಚೆ ಅದನ್ನು ನೋಡಲೇಬೇಕೆಂದೂ ತಿಳಿಯಿತು.

ಅಕ್ಟೋಬರಿನಲ್ಲಿ ಚೋಂದಮ್ಮ ಅವಳನ್ನು ಗುರುಗ್ರಾಮದ ಆಚೆಯ ಕೆರೆಗೆ ಕರೆದೊಯ್ದಳು. ಕೂತಲ್ಲಿಂದಲೇ ಗಾಳ ಎಸೆಯುವುದು ಸುಲಭವಿರಲಿಲ್ಲ. ಮೊದಲ ಸಲ ಎಸೆದಾಗ ಕೊಕ್ಕೆ ಅವಳ ಅಂಗಿಯ ತೋಳಿಗೇ ಸಿಕ್ಕಿಕೊಂಡಿತು.

“ಹುಟ್ಟು, ಗಾಳದ ಕೋಲು ಎರಡನ್ನೂ ದಾರದಿಂದ ದೋಣಿಗೆ ಕಟ್ಟು. ಗಾಳದ ದಾರ ಮಾತ್ರ ಕೈಗೆ ಸುತ್ತಿಕೋಬೇಡ,” ಎಂದಳು ಚೋಂದಮ್ಮ. “ಸೀಟಿ ಜಾಕೆಟ್ಟಿಗೇ ಇರಲಿ. ಫೋನು ನೀರು ಹೋಗದ ಚೀಲದಲ್ಲಿ, ಮೈಮೇಲೇ ಇರಲಿ. ದೋಣಿ ಬೇರೆ, ನೀನು ಬೇರೆ ಆದಾಗ ದೋಣಿಯಲ್ಲಿರೋ ಫೋನು ಏನು ಮಾಡುತ್ತೆ?”

“ಇನ್ನೇನು ಉಳೀತು?”

“ಗಾಳಿ. ಅಲೆಗೆ ಎಲ್ಲರೂ ಹೆದರ್ತಾರೆ. ನೆಲದಿಂದ ಕಡಲಿಗೆ ಬೀಸೋ ಜೋರು ಗಾಳಿಗೆ ಯಾರೂ ಹೆದರಲ್ಲ. ದಡದ ಹತ್ತಿರ ನೀರು ಸಪಾಟಾಗಿರುತ್ತೆ. ಹೋಗೋದು ಹಗುರ. ವಾಪಸ್ ಬರೋಕೆ ಆಗಲ್ಲ.”

ಡಿಸೆಂಬರಿನಲ್ಲಿ ಜಲಜಾ, ಈಶ್ವರಪ್ಪ, ಲಾವಣ್ಯಾ ಮೂವರೂ ಊರಿಗೆ ಹೋದರು. ರಜೆಯಲ್ಲಿ ಕಡಲಿಗಿದ್ದದ್ದು ಮೂರು ಬೆಳಗು.

ಮೊದಲನೇ ಬೆಳಿಗ್ಗೆ ಕಡಲು ಮಟ್ಟಸವಾಗಿ ಮಲಗಿತ್ತು. ಶಂಕರ ಎರಡೂ ಕಯಾಕ್ ಮರಳಿಗೆ ತಂದಿಟ್ಟಿದ್ದ. ಜಲಜಾ ಜಾಕೆಟ್ ಬಿಗಿದುಕೊಂಡು ನೀರಿನಂಚಿಗೆ ಬಂದಳು. ಬೆನ್ನಿಗೆ ಗಾಳಿ ತಾಗಿತು. ಕರ್ಚೀಫ್ ಹಿಡಿದು ನೋಡಿದಳು. ಅದು ನೆಟ್ಟಗೆ ಕಡಲ ಕಡೆಗೆ ಚಾಚಿ ಪಟಪಟ ಬಡಿಯಿತು. ದೂರದಲ್ಲಿ ನೀರಿನ ಮೇಲೆ ಬಿಳಿ ನೊರೆ ಓಡುತ್ತಿತ್ತು.

“ನೀರು ಇಷ್ಟು ಚಂದ ಅದೆ, ಬಾ,” ಎಂದ ಶಂಕರ. “ನಾ ಇದ್ದೆ ಅಲಾ?”

ಜಲಜಾ ಮತ್ತೊಮ್ಮೆ ದೂರದ ಬಿಳಿ ನೊರೆ ನೋಡಿದಳು. ನಲವತ್ತು ವರ್ಷದ ಆಸೆ ಹತ್ತು ಹೆಜ್ಜೆ ದೂರದಲ್ಲಿತ್ತು. ಆಮೇಲೆ ಜಾಕೆಟ್ ಬಿಚ್ಚಿದಳು.

“ಇವತ್ತು ಬೇಡ ಅಣ್ಣ.”

ಮನೆಗೆ ಬಂದು ಹಿತ್ತಿಲಲ್ಲಿ ಒಬ್ಬಳೇ ಕೂತಳು. ಕಣ್ಣು ತುಂಬಿತ್ತು. ಈಶ್ವರಪ್ಪ ಚಹಾ ತಂದು ಪಕ್ಕದಲ್ಲಿ ಕೂತ.

“ನಾನು ಇಷ್ಟು ದಿನ ಹೆದರಿದ್ದು ಕಡಲಿಗಲ್ಲ,” ಎಂದ ಅವನು. “ನೀನು ಆಸೆಗೆ ಬಿದ್ದು ವಾಪಸ್ ಬರೋದು ಮರೀತೀಯ ಅಂತ. ಇವತ್ತು ಆ ಹೆದರಿಕೆ ಹೋಯ್ತು. ಗಾಳಿ ನಿಂತ ದಿನ ಹೋಗು.”

ಎರಡನೇ ಬೆಳಿಗ್ಗೆಯೂ ಗಾಳಿ ನಿಲ್ಲಲಿಲ್ಲ. ಅವಳು ದಂಡೆಯಲ್ಲಿ ಸುಮ್ಮನೆ ನಡೆದಾಡಿದಳು.

ಮೂರನೇ ದಿನ ಮಧ್ಯಾಹ್ನ ರೈಲಿತ್ತು. ಆ ಬೆಳಿಗ್ಗೆ ಕರ್ಚೀಫ್ ಕೆಳಗೇ ಜೋತುಬಿದ್ದಿತ್ತು. ಹವಾಮಾನ ಸೂಚನೆಯೂ ಸರಿಯಿತ್ತು. ಜಲಜಾ ಗಂಡನಿಗೆ ಬಿಡಿಸಿ ಹೇಳಿದಳು: “ದಡದಿಂದ ಇನ್ನೂರು ಮೀಟರಿಗಿಂತ ಆಚೆ ಹೋಗಲ್ಲ. ದಡದ ಉದ್ದಕ್ಕೇ ಹೋಗ್ತೀವಿ, ಆ ಕಲ್ಲಿನವರೆಗೆ. ಎಂಟಕ್ಕೆ ವಾಪಸ್. ಎಂಟೂವರೆಗೂ ಬರದಿದ್ರೆ ಫೋನ್ ಮಾಡು, ಎತ್ತದಿದ್ರೆ ಕರಾವಳಿ ಕಾವಲು ಪಡೆಗೆ, ೧೫೫೪.”

ಈಶ್ವರಪ್ಪ ಗಡಿಯಾರ ನೋಡಿಕೊಂಡ. ಏಳು ಗಂಟೆ.

ಶಂಕರ ಇನ್ನೊಂದು ಕಯಾಕ್‌ನಲ್ಲಿ ಪಕ್ಕದಲ್ಲೇ ಬಂದ. ಸಣ್ಣ ಅಲೆ ಎರಡು ಸಲ ಎತ್ತಿ ಇಳಿಸಿತು, ಮಡಿಲಿಗೆ ನೀರು ಬಂತು, ತೂತಿನಿಂದ ಹರಿದುಹೋಯಿತು. ಜಲಜಾ ಸಿಗಡಿಯ ತುಂಡು ಸಿಕ್ಕಿಸಿ ಗಾಳ ಇಳಿಬಿಟ್ಟಳು. ತಿರುಗಿ ನೋಡಿದಳು. ತೆಂಗಿನ ಸಾಲು, ದೋಣಿಗಳು, ಮರಳಿನ ಮೇಲೆ ಗಂಡ, ಮಗಳು. ತಾನು ಹುಟ್ಟಿದ ಊರು ಇಲ್ಲಿಂದ ಹೀಗೆ ಕಾಣುತ್ತದೆ ಎಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ. ಅಪ್ಪ ದಿನಾ ನೋಡಿದ್ದು ಇದನ್ನೇ. ಅಮ್ಮ ಒಮ್ಮೆಯೂ ನೋಡಲಿಲ್ಲ.

ಒಂದು ಕಾಣೆ ಮೀನು ಸಿಕ್ಕಿತು, ಗೇಣುದ್ದದ್ದು. ಎಂಟಕ್ಕೆ ಹತ್ತು ನಿಮಿಷವಿದ್ದಾಗ ಗಾಳದ ತುದಿ ಜೋರಾಗಿ ಬಾಗಿತು, ಏನೋ ದೊಡ್ಡದು ತಗುಲಿ ತಪ್ಪಿಸಿಕೊಂಡಿತು.

“ಮತ್ತೆ ಹಾಕು, ಇಲ್ಲೇ ಅದೆ ಅದು,” ಎಂದ ಶಂಕರ.

ಅವಳ ಕೈಯೂ ಅದನ್ನೇ ಹೇಳಿತು. ಆದರೂ ಅವಳು ದಾರವನ್ನು ಗಾಳದ ಕೋಲಿಗೆ ಸುತ್ತಿ ಹುಟ್ಟು ಎತ್ತಿಕೊಂಡಳು. ಎಂಟಕ್ಕೆ ಎರಡು ನಿಮಿಷವಿರುವಾಗ ಅವಳ ದೋಣಿ ಮರಳಿಗೆ ತಾಗಿತು. ಲಾವಣ್ಯಾ ಓಡಿ ಬಂದು ದೋಣಿ ಹಿಡಿದಳು. “ಮಮ್ಮಿ, ನೆಕ್ಸ್ಟ್ ಟೈಮ್ ನಾನೂ,” ಎಂದಳು.

“ಮೊದಲು ಪೂಲಿಗೆ ಬಾ,” ಎಂದಳು ಜಲಜಾ.

ಏಪ್ರಿಲ್‌ನಲ್ಲಿ ಪೂಲ್ ಮತ್ತೆ ತೆರೆದ ಮೇಲೆ ಈಗ ಶನಿವಾರ ತಾಯಿ ಮಗಳು ಇಬ್ಬರೂ ಚೋಂದಮ್ಮನ ಹತ್ತಿರ ಹೋಗುತ್ತಾರೆ. ಆ ಒಂದು ಗಂಟೆಯಿಂದ ಜಲಜಾಳ ಆಸೆ ತೀರಲಿಲ್ಲ, ಇನ್ನೂ ಹೆಚ್ಚಿತು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಡಲಿಗಿಳಿಯುವ ಆಸೆ ನಿಮಗೂ ಇದ್ದರೆ ಅದನ್ನು ಬಿಡಬೇಡಿ. ಆದರೆ ಮೊದಲು ನಿಂತ ನೀರಿನಲ್ಲಿ ಮಗುಚಿ, ಮತ್ತೆ ಹತ್ತಿ ಕಲಿಯಿರಿ. ಜಾಕೆಟ್ ಬಿಗಿಯಾಗಿ ಕಟ್ಟಿ. ಒಬ್ಬರೇ ಹೋಗಬೇಡಿ, ಮಳೆಗಾಲದಲ್ಲಿ ಹೋಗಲೇಬೇಡಿ. ಗಾಳಿ ಕಡಲ ಕಡೆಗೆ ಎಳೆಯುವ ದಿನ ದಡದಲ್ಲೇ ಉಳಿಯಿರಿ, ಅತ್ತರೂ ಸರಿ. ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮನೆಯವರಿಗೆ ಹೇಳಿ ಹೊರಡಿ. ಹೇಳಿದ ಹೊತ್ತಿಗೆ, ಮೀನು ಕಚ್ಚುತ್ತಿದ್ದರೂ, ತಿರುಗಿ ಬನ್ನಿ.