ನಲವತ್ತು ಸೆಕೆಂಡಿನ ತುಣುಕು

ಆಸ್ಟ್ರೇಲಿಯಾದ ಅಡಿಲೇಡ್‌ನ ಸ್ಯಾಲಿಸ್‌ಬರಿ ಬಡಾವಣೆಯಲ್ಲಿ ಇಂದಿರಾ ಆಂಟಿಯ ಮನೆಯಲ್ಲಿ ಪ್ರತಿ ಶನಿವಾರ ಸಂಜೆ ಕಾವ್ಯವಾಚನ ನಡೆಯುತ್ತದೆ. ಬಂದವರೆಲ್ಲ ಜಮಖಾನದ ಮೇಲೆ ಕೂತಮೇಲೆ ಆಂಟಿ ದೀಪ ಹಚ್ಚಿ, ಕಣ್ಣು ಮುಚ್ಚಿ ರಾಗ ಹಿಡಿಯುತ್ತಾರೆ. ಅದನ್ನು ಚಿತ್ರೀಕರಿಸಿ ತನ್ನ ಚಾನೆಲ್ಲಿಗೆ ಹಾಕುವವಳು ರಂಜನಿ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟ ಅವಳಿಗೆ ಅದೇ ಸ್ವಂತ ಸಂಪಾದನೆ.

ಸಂಪಾದನೆ ಬರುವ ಬಗೆಯನ್ನು ಅವಳು ಆಂಟಿಗೂ ವಿವರಿಸಿದ್ದಳು. ಯೂಟ್ಯೂಬಿನ ಉದ್ದನೆಯ ವಿಡಿಯೊಗಳಿಗೆ ಜಾಹೀರಾತಿನ ಹಣದಲ್ಲಿ ಒಂದು ಪಾಲು. ಇನ್‌ಸ್ಟಾಗ್ರಾಮಿನಿಂದ ಅವಳಿಗೆ ನೇರವಾಗಿ ಏನೂ ಬರುತ್ತಿರಲಿಲ್ಲ. ಆದರೆ ಅಲ್ಲೊಂದು ತುಣುಕು ಓಡಿದರೆ ಜಾಹೀರಾತು ಹಿಡಿದು ಕಂಪನಿಗಳೇ ಹುಡುಕಿಕೊಂಡು ಬರುತ್ತವೆ.

"ಪದ್ಯದ ಮಧ್ಯ ಸೋಪು ಮಾರ್ತೀಯೇನೇ?" ಎಂದು ಆಂಟಿ ನಕ್ಕಿದ್ದರು. ಪದ್ಯ ಮುಗಿದ ಮೇಲೆಯೇ ಜಾಹೀರಾತು ಎಂದು ರಂಜನಿ ಮಾತು ಕೊಟ್ಟಿದ್ದಳು, ಹಾಗೆಯೇ ನಡೆದುಕೊಂಡಿದ್ದಳು.

ಆದರೆ ಇನ್‌ಸ್ಟಾಗ್ರಾಮಿನಲ್ಲಿ ಓಡಿದ್ದು ಆಂಟಿಯ ಹಾಡಿನದಲ್ಲ, ಬೇರೆಯೇ ತುಣುಕು. ಮಡದಿಯನ್ನು ಕಳೆದುಕೊಂಡ ರಾಜನೊಬ್ಬನ ಪ್ರಲಾಪವನ್ನು ಆಂಟಿ ಓದುತ್ತಿದ್ದಾಗ, ಹೋದ ವರ್ಷ ಹೆಂಡತಿಯನ್ನು ಕಳೆದುಕೊಂಡಿದ್ದ ರಾಮಚಂದ್ರ ಅಂಕಲ್ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡಿದ್ದರು. ರಂಜನಿ ಅಷ್ಟನ್ನೇ ಕತ್ತರಿಸಿ ಹಾಕಿದ್ದಳು, ನಲವತ್ತು ಸೆಕೆಂಡು. ಲಕ್ಷಗಟ್ಟಲೆ ಜನ ನೋಡಿದರು. ಚಹಾಪುಡಿಯ ಕಂಪನಿಯೊಂದು, ಆ ತುಣುಕನ್ನು ತನ್ನ ಪ್ರಚಾರಕ್ಕೆ ಕೊಟ್ಟರೆ ಒಂದು ವರ್ಷದ ಒಪ್ಪಂದ ಮಾಡಿಕೊಳ್ಳುವುದಾಗಿ ಬರೆಯಿತು.

ಆಮೇಲಿನ ಎರಡು ಶನಿವಾರವೂ ಅಂಕಲ್ ಬರಲಿಲ್ಲ. ರಂಜನಿ ಫೋನು ಮಾಡಿದಳು.

"ಮೈ ಚೆನ್ನಾಗೇ ಇದೆಯಮ್ಮ. ಇಂಡಿಯನ್ ಅಂಗಡೀಲಿ ಯಾರೋ ಹುಡುಗ, ಅಳೋ ಅಂಕಲ್ ನೀವೇ ಅಲ್ವಾ, ಒಂದು ಸೆಲ್ಫಿ ಅಂದ. ಪ್ರೀತಿಯಿಂದಾನೇ ಕೇಳ್ದ, ಪಾಪ. ಆದ್ರೆ ಇನ್ಮೇಲೆ ವಾಚನಕ್ಕೆ ಬಂದ್ರೆ, ಎಲ್ಲಿ ಅಳು ಬಂದ್ಬಿಡತ್ತೋ ಅಂತ ಕಾದುಕೊಂಡೇ ಕೂರ್ಬೇಕಲ್ಲ."

ರಂಜನಿ ಆಂಟಿಯ ಬಳಿ ವಾದಿಸಿದಳು. ತಾನು ಯಾರನ್ನೂ ಗೇಲಿ ಮಾಡಿಲ್ಲ, ಅಪ್ಪ ನೆನಪಾದರೆಂದು ನೂರಾರು ಜನ ಬರೆದಿದ್ದಾರೆ, ಅದು ಸುಳ್ಳೇ?

"ಸುಳ್ಳಲ್ಲ" ಎಂದರು ಆಂಟಿ. "ನಿಮ್ಮನೇಲೂ ವಾಚನ ಆಗ್ತಿತ್ತು ಅಂತಿದ್ದೆ. ಆಗ ಯಾರಾದ್ರೂ ಅತ್ರೆ ಏನ್ಮಾಡ್ತಿದ್ರಿ?"

ರಂಜನಿಗೆ ಮೈಸೂರಿನ ಮನೆಯ ನಡುಮನೆ ಕಣ್ಣಿಗೆ ಕಟ್ಟಿತು. ಬೇಸಿಗೆಯ ಸಂಜೆ, ಕರೆಂಟು ಹೋದರೂ ನಿಲ್ಲದ ತಾತನ ದನಿ, ಕತ್ತಲಲ್ಲಿ ಅಜ್ಜಿಯ ಮೂಗೊರೆಸುವ ಸದ್ದು. ದೀಪ ಬಂದಮೇಲೂ ಅಜ್ಜಿ ಮುಖದಿಂದ ಸೆರಗು ತೆಗೆಯುವ ತನಕ ದೊಡ್ಡವರೆಲ್ಲ ನೆಲ ನೋಡುತ್ತಿದ್ದರು. ಹಾಗೆ ಮಾಡಬೇಕೆಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಅವಳು ಅಂದೇ ತುಣುಕನ್ನು ಅಳಿಸಿದಳು. ಕಂಪನಿಗೆ ಆಗುವುದಿಲ್ಲವೆಂದು ಬರೆದು, ಅಂಕಲ್ ಮನೆಗೆ ಹೋದಳು.

"ತೆಗ್ದುಬಿಟ್ಟೆ ಅಂಕಲ್. ಆದ್ರೆ ಈಗಾಗ್ಲೇ ಇಳಿಸ್ಕೊಂಡಿರೋರ ಹತ್ರ ಇದ್ದೇ ಇರತ್ತೆ. ಅದನ್ನ ನನ್ನ ಕೈಲಿ ವಾಪಸ್ ತರೋಕಾಗಲ್ಲ. ತಪ್ಪಾಯ್ತು."

ಅಂಕಲ್ ಕಾಫಿಗೆ ನೀರಿಟ್ಟರು. ಲೋಟಕ್ಕೆ ಸಕ್ಕರೆ ಹಾಕಿ ಕಲಕುತ್ತ, "ಎರಡು ವಾರ ತಪ್ಪೋಯ್ತು. ಕಥೆ ಎಲ್ಲಿಗೆ ಬಂತು?" ಎಂದರು.

ರಂಜನಿ ಅಡಿಗೆಮನೆಯ ಕಿಟಕಿಯ ಕಡೆ ತಿರುಗಿ, ನೆನಪಿದ್ದಷ್ಟನ್ನು ಹಾಡತೊಡಗಿದಳು. ರಾಗ ಎರಡು ಕಡೆ ತಪ್ಪಿತು. ಮೂರನೆಯ ಪದ್ಯಕ್ಕೆ ಬಂದಾಗ ಬೆನ್ನ ಹಿಂದೆ, ಲೋಟದಲ್ಲಿ ಚಮಚ ಆಡುವ ಸದ್ದು ನಿಂತು, ಮೂಗೊರೆಸುವ ಸದ್ದು ಕೇಳಿತು.

ಅವಳು ತಿರುಗಲಿಲ್ಲ. ಮುಂದಿನ ಪದ್ಯ ಎತ್ತಿಕೊಂಡಳು.